ನಾನು ಮುಚ್ಚಿದ ಫಾರಂ

ಹೋದ ತಿಂಗಳು ನಮ್ಮ ಕಾಲೇಜಿಗೆ ಹೊಸದಾಗಿ ಬಂದಿರುವ ಇಬ್ಬರು ಅತಿಥಿ ಉಪನ್ಯಾಸಕರು ಮಧುಗಿರಿಯಲ್ಲಿರುವ ನನ್ನ ಮನೆ ಹುಡುಕಿಕೊಂಡು ಬಂದರು. ಆಪ್ತ ಸಮಾಲೋಚನಾ ಕೋಶವನ್ನು ಅವರ ತಲೆಗೆ ಕಟ್ಟಿದ್ದಾರಂತೆ. ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳುವ ಕೆಲಸ ಅದು. "ನೀವು ಎಷ್ಟೋ ವರ್ಷ ಮಾಡಿದ್ದೀರಂತೆ ಮೇಡಂ, ಏನು ಮಾಡ್ಬೇಕು ಅಂತ ಸ್ವಲ್ಪ ಹೇಳಿ" ಎಂದರು. ಕಾಫಿ ಕೊಟ್ಟೆ, ಕಾಲೇಜಿನ ಸುದ್ದಿ ಕೇಳಿದೆ, ಹಳೆಯ ಸುತ್ತೋಲೆಗಳ ಕಟ್ಟು ಕೊಟ್ಟು ಕಳಿಸಿದೆ. ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ. ಆ ಕೆಲಸದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ಅದರಿಂದ ಒಬ್ಬ ಹುಡುಗಿಯ ಓದು ನಿಂತೇ ಹೋಗುವುದರಲ್ಲಿತ್ತು, ಜೀವಕ್ಕೂ ಭಯವಿತ್ತು. ಕಾಫಿ ಕುಡಿಯುತ್ತ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಬರೆದರಾದರೂ ಬಂದೀತು ಎಂದು ಈಗ ಕೂತಿದ್ದೇನೆ.

ನಾನು ಅರ್ಥಶಾಸ್ತ್ರದ ಉಪನ್ಯಾಸಕಿಯಾಗಿದ್ದವಳು. ಮದುವೆಯಾಗಲಿಲ್ಲ. ಅದಕ್ಕೆ ಕಾರಣ ಕೇಳುವವರು ಈಗ ಯಾರೂ ಉಳಿದಿಲ್ಲವಾದ್ದರಿಂದ ಆ ಕಥೆ ಇಲ್ಲಿ ಬೇಡ. ಬಡ್ತಿ, ವೇತನ ಶ್ರೇಣಿ, ಬೀಳ್ಕೊಡುಗೆಯ ಶಾಲು ಇವನ್ನೂ ಬಿಟ್ಟುಬಿಡುತ್ತೇನೆ. ಸಮಾಲೋಚನಾ ಕೋಶ ನನ್ನ ಪಾಲಿಗೆ ಹೇಗೆ ಬಂತು ಎನ್ನುವುದನ್ನು ಮಾತ್ರ ಹೇಳಬೇಕು. ಸುತ್ತೋಲೆ ಬಂದ ದಿನ ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಕಣ್ಣಾಡಿಸಿದರು. ಎಲ್ಲರೂ ತಲೆ ತಗ್ಗಿಸಿ ಉತ್ತರ ಪತ್ರಿಕೆ ತಿದ್ದತೊಡಗಿದರು. ಅವರ ಕಣ್ಣು ನನ್ನ ಮೇಲೆ ನಿಂತಿತು.

"ಮೇಡಂ, ಇದು ನಿಮಗೇ ಸರಿ. ಬೇರೆಯವರಿಗೆ ಮನೆ, ಮಕ್ಕಳು, ಗಂಟೆ ಹೊಡೀತು ಅಂದ್ರೆ ಓಡ್ಬೇಕು. ನಿಮಗೇನು ಹೇಳಿ" ಎಂದರು.

ಅವರು ಕೆಟ್ಟವರಲ್ಲ. ಮನೆ ಖಾಲಿಯಿದ್ದವರಿಗೆ ಬೇರೆಯವರ ದುಃಖ ಕೇಳಲು ಪುರುಸೊತ್ತು ಇರುತ್ತದೆ ಎಂದು ನಿಜವಾಗಿಯೂ ನಂಬಿದ್ದರು. ನನಗೆ ಸಿಟ್ಟು ಬಂದರೂ ಒಪ್ಪಿಕೊಂಡೆ. ಐದು ಗಂಟೆಗೆ ಓಡುವಂಥದ್ದು ನನಗೆ ಏನೂ ಇರಲಿಲ್ಲ ಎನ್ನುವುದು ನಿಜವೇ ಆಗಿತ್ತು.

ಕೋಶಕ್ಕೆ ಸ್ಟಾಫ್ ರೂಮಿನ ಎದುರು ಬಾಗಿಲಿನ ಕೋಣೆ ಕೊಟ್ಟರು. ಇದೇ ಮೊದಲ ಎಡವಟ್ಟು. ಯಾವ ಹುಡುಗಿ ಒಳಗೆ ಹೋದಳು, ಎಷ್ಟು ಹೊತ್ತು ಕೂತಳು, ಕಣ್ಣೊರೆಸಿಕೊಂಡು ಬಂದಳೋ ಇಲ್ಲವೋ ಎನ್ನುವುದೆಲ್ಲ ಎದುರುಗಡೆ ಟೀ ಕುಡಿಯುವವರಿಗೆ ಕಾಣುತ್ತಿತ್ತು. ಹಾಗಾಗಿ ಮೊದಲ ವರ್ಷ ಒಳಗೆ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಬಾಗಿಲಿಗೆ ಒಂದು ಪೆಟ್ಟಿಗೆ ನೇತುಹಾಕಿದೆ, ಹೆಸರಿಲ್ಲದೆ ಚೀಟಿ ಬರೆದು ಹಾಕಿ ಎಂದೆ. ತಿಂಗಳು ಕಳೆದು ತೆಗೆದು ನೋಡಿದರೆ ಒಂದೇ ಚೀಟಿ. "ಬಡವನಹಳ್ಳಿ ಬಸ್ಸು ಕಾಲೇಜು ಬಿಡುವ ಮುಂಚೆಯೇ ಹೋಗುತ್ತಿದೆ, ಇದರ ಬಗ್ಗೆ ಸಮಾಲೋಚನೆ ನಡೆಸಬೇಕು" ಎಂದಿತ್ತು. ಬೇರೆ ಕೆಲಸವಿಲ್ಲದ್ದರಿಂದ ಅದಕ್ಕೂ ರಿಜಿಸ್ಟರಿನಲ್ಲಿ ಒಂದು ನಂಬರು ಕೊಟ್ಟೆ.

ಎರಡನೆಯ ವರ್ಷ ಪಾವಗಡದ ಆಚೆ, ಆಂಧ್ರದ ಗಡಿಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ವಿದ್ಯಾರ್ಥಿ ಗುರುವಾರ ಗುರುವಾರ ಬರತೊಡಗಿದ. ಬಂದು ಕೂರುತ್ತಿದ್ದ, ಫ್ಯಾನು ನೋಡುತ್ತಿದ್ದ, ಅರ್ಧ ಗಂಟೆಗೆ ಎದ್ದು ಹೋಗುತ್ತಿದ್ದ. ಏನಪ್ಪಾ ಎಂದರೆ "ಏಮೀ ಲೇದು ಮೇಡಂ, ಊರಿಕೇ ಬಂದೆ" ಎನ್ನುತ್ತಿದ್ದ. ಏನೂ ಇಲ್ಲ, ಸುಮ್ಮನೆ ಬಂದೆ ಎಂದು. ನಾಲ್ಕು ವಾರ ಸಹಿಸಿಕೊಂಡೆ. ಐದನೆಯ ವಾರ, "ಸುಮ್ಮನೆ ಕೂರೋದಕ್ಕೆ ಲೈಬ್ರರಿ ಇದೆ. ಇಲ್ಲಿಗೆ ಬಂದ ಮೇಲೆ ಬಾಯಿ ಬಿಟ್ಟು ಹೇಳ್ಬೇಕಪ್ಪ" ಎಂದೆ. ರಿಜಿಸ್ಟರಿನಲ್ಲಿ ಸಮಸ್ಯೆ ಎಂಬ ಕಲಂ ಖಾಲಿ ಬಿದ್ದಿರುವುದು ನನಗೆ ಕಣ್ಣಿಗೆ ಚುಚ್ಚುತ್ತಿತ್ತು. ಅವನು "ಸರಿ ಮೇಡಂ" ಎಂದು ಹೋದವನು ಮತ್ತೆ ಬರಲಿಲ್ಲ. ಪರೀಕ್ಷೆ ಬರೆದು ಪಾಸಾದ, ಊರಿಗೆ ಹೋದ. ಅವನ ಮನಸ್ಸಿನಲ್ಲಿ ಏನಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಹೊಸಬರೇ, ಯಾರಾದರೂ ಬಂದು ಸುಮ್ಮನೆ ಕೂತರೆ ಕೂರಲು ಬಿಡಿ. ಕಲಂ ಖಾಲಿ ಇದ್ದರೆ ಯಾರೂ ನಿಮ್ಮ ಸಂಬಳ ಹಿಡಿಯುವುದಿಲ್ಲ.

ಆಮೇಲೆ ಲಾಕ್‌ಡೌನ್ ಬಂತು. ಕಾಲೇಜಿಗೆ ಬೀಗ ಬಿತ್ತು, ಪಾಠವೆಲ್ಲ ಫೋನಿಗೆ ಬಂತು. ನನ್ನ ಅಡುಗೆಮನೆ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ ಪಾಠ ಮಾಡುತ್ತಿದ್ದೆ. ಮಕ್ಕಳ ಮುಖದ ಜಾಗದಲ್ಲಿ ಕಪ್ಪು ಚೌಕಗಳು, ಒಂದೊಂದರಲ್ಲಿ ಒಂದೊಂದು ಅಕ್ಷರ. "ಕೇಳಿಸ್ತಾ ಇದೆಯೇನ್ರಪ್ಪಾ?" ಎಂದು ಕೇಳಿದರೆ ಮೌನ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಒಬ್ಬರು 'ಎಸ್ ಮ್ಯಾಮ್' ಎಂದು ಬರೆದು ಹಾಕುತ್ತಿದ್ದರು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಆಕಳಿಸುವುದನ್ನು ಕಂಡು ವರ್ಷಗಟ್ಟಲೆ ಬೈದವಳು ನಾನು. ಈಗ ಯಾರಾದರೂ ಆಕಳಿಸುವುದಾದರೂ ಕಾಣಬಾರದೇ ಅನ್ನಿಸುತ್ತಿತ್ತು.

ಹಾಜರಿ ಕರೆಯುವ ಹತ್ತು ನಿಮಿಷ ಮಾತ್ರ ಎಲ್ಲರ ದನಿ ಕೇಳುತ್ತಿತ್ತು. ದನಿಯ ಹಿಂದೆ ಅವರವರ ಮನೆಯೂ ಕೇಳುತ್ತಿತ್ತು. ಒಬ್ಬಳ ಮನೆಯಲ್ಲಿ ಕುಕ್ಕರ್ ಕೂಗು, ಇನ್ನೊಬ್ಬನ ಮನೆಯಲ್ಲಿ ಅಜ್ಜನ ಕೆಮ್ಮು. ಸಿರಾದ ಇಮ್ರಾನ್ ಒಂದು ಬೈಕ್ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದ. "ಹಾಜರ್ ಇದೀನಿ ಮೇಡಂ. ಕೈಯಾಗೆ ಕೆಲ್ಸ ಐತೆ, ಕಿವಿ ನಿಮ್ಕಡೇನೇ ಐತೆ, ಮಾಫ್ ಮಾಡ್ಬೇಕು" ಎಂದು ಸ್ಪ್ಯಾನರಿನ ಸದ್ದಿನ ನಡುವೆ ಕೂಗುತ್ತಿದ್ದ. ಲಾವಣ್ಯಳದು ಮಾತ್ರ ಬರೀ ಗಾಳಿ. ಚನ್ನರಾಯನದುರ್ಗದ ಹತ್ತಿರದ ಹಳ್ಳಿಯವಳು. ಊರಲ್ಲಿ ಸಿಗ್ನಲ್ ಇಲ್ಲ, ಬೆಟ್ಟದ ಅರ್ಧಕ್ಕೆ ಹತ್ತಿ ಒಂದು ಬಂಡೆಯ ಮೇಲೆ ಕೂತರೆ ಸಿಗುತ್ತದೆ ಎಂದು ಮೊದಲ ದಿನವೇ ಹೇಳಿದ್ದಳು. ಮನೆಗೆಲ್ಲ ಇದ್ದುದು ಒಂದೇ ಫೋನು. ಅವಳು ಮೈಕು ತೆರೆದರೆ ಉಳಿದ ಯಾರ ಮಾತೂ ಕೇಳುತ್ತಿರಲಿಲ್ಲ. ಹುಡುಗರು ಗಾಳಿ ಲಾವಣ್ಯ ಎಂದು ಹೆಸರಿಟ್ಟಿದ್ದರು. "ಪ್ರೆಸೆಂಟ್ ಅಂದ ತಕ್ಷಣ ಮೈಕು ಆರಿಸ್ಬಿಡಮ್ಮ" ಎಂದು ನಾನೂ ದಿನಾ ಹೇಳುತ್ತಿದ್ದೆ.

ಒಂದು ದಿನ ಹಣದುಬ್ಬರದ ಪಾಠದ ನಡುವೆ ಅವಳ ಮೈಕು ತೆರೆದುಕೊಂಡಿತು. ಗಾಳಿಯ ಒಳಗಿಂದ "ಮೇಡಂ, ಒಂದ್ ಮಾತು" ಎಂದ ಹಾಗಾಯಿತು. ನಾನು ನನ್ನ ಕಡೆಯಿಂದಲೇ ಅದನ್ನು ಆರಿಸಿದೆ. ಮತ್ತೆ ತೆರೆದಳು, ಮತ್ತೆ ಆರಿಸಿದೆ. ಮೂರನೆಯ ಸಲ ಅವಳು ತೆರೆಯಲಿಲ್ಲ. ಪಾಠ ಮುಗಿದ ಮೇಲೆ ಫೋನು ಮಾಡಿ ಕೇಳಬೇಕು ಎಂದುಕೊಂಡವಳು ಒಲೆಯ ಮೇಲಿನ ಹಾಲು ಉಕ್ಕಿದ ಗಡಿಬಿಡಿಯಲ್ಲಿ ಮರೆತುಬಿಟ್ಟೆ.

ಆ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಆನ್‌ಲೈನ್ ಪಾಠದಿಂದ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಮೇಲೆ ಆಗಿರುವ ಪರಿಣಾಮವನ್ನು ತಿಳಿದು ವಾರದೊಳಗೆ ವರದಿ ಕಳಿಸಬೇಕಂತೆ. ಫೋನಿನಲ್ಲೇ ತುಂಬುವ ಒಂದು ಫಾರಂ ಮಾಡಲು ಕೂತೆ. ಅರ್ಥಶಾಸ್ತ್ರದವರಿಗೆ ಗೊತ್ತಿರುವುದು ಒಂದೇ, ಕುಟುಂಬ ಸಮೀಕ್ಷೆ. ಮನೆಯಲ್ಲಿ ಎಷ್ಟು ಜನ, ಎಷ್ಟು ಫೋನು, ದಿನಕ್ಕೆ ಎಷ್ಟು ಗಂಟೆ ನಿದ್ದೆ ಎಂದೆಲ್ಲ ಕೇಳಿ, ಕೊನೆಗೆ 'ಇತರೆ: ಹೇಳಬೇಕೆನಿಸಿದ್ದನ್ನು ಬರೆಯಿರಿ' ಎಂದು ಒಂದು ಕಲಂ ಇಟ್ಟೆ. ಹೆಸರು ಕೇಳಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೆ ಒಂದು ಕಡೆ, ಉತ್ತರಗಳ ಸಾರಾಂಶ ತೋರಿಸಬೇಕೇ ಎಂದು ಕೇಳಿತು. ತೋರಿಸದಿದ್ದರೆ ನಾನು ವರದಿ ಬರೆಯುವುದು ಹೇಗೆ ಎಂದು ಹೌದು ಒತ್ತಿದೆ. ಯಾರಿಗೆ ತೋರಿಸಬೇಕು ಎಂದು ಕೇಳುತ್ತಿದೆ ಎಂಬುದನ್ನು ನಾನು ಓದಲೇ ಇಲ್ಲ. ಶನಿವಾರ ಸಂಜೆ ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ.

ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಉತ್ತರ ಓದಲು ಕೂತೆ. ಇತರೆ ಎನ್ನುವ ಕಡೆ ಮೊದಲೆಲ್ಲ 'ಏನಿಲ್ಲ', 'ನೆಟ್ ಪ್ಯಾಕ್ ಸಾಲಲ್ಲ' ಎಂದಿತ್ತು. ಆಮೇಲೆ ಇದು ಬಂತು. "ದಿನಾ ಬಂಡೆ ಮೇಲೆ ಕೂತು ಕ್ಲಾಸ್ ಕೇಳ್ತೀನಿ. ಹಾಜರಿ ಕರೆದಾಗ ಪ್ರೆಸೆಂಟ್ ಅಂತೀನಿ, ಅದು ಬಿಟ್ರೆ ಇಡೀ ದಿನ ನಾನು ಇರೋದು ಯಾರಿಗೂ ಬೇಕಾಗಿಲ್ಲ. ಒಂದೊಂದು ದಿನ ಕೆಳಗೆ ಇಳಿಯೋದೇ ಬೇಡ ಅನ್ಸುತ್ತೆ." ಕಾಫಿ ಲೋಟ ಕೆಳಗಿಟ್ಟೆ. ಯಾರು ಬರೆದದ್ದೆಂದು ಕೇಳುವ ಅಗತ್ಯವೇ ಇರಲಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ಇಮ್ರಾನ್ ಫೋನು ಬಂತು.

"ಮೇಡಂ, ಆ ಫಾರಂ ಹಾಕಿದ್ರಲ್ಲ, ತುಂಬಿದ್ ಮ್ಯಾಕೆ ಎಲ್ಲಾರ್ದೂ ಎಲ್ಲಾರ್ಗೂ ಕಾಣ್ತೈತೆ. ಗಾಳಿ ಲಾವಣ್ಯದು ಎಲ್ಲಾ ಓದ್ಬುಟ್ಟವ್ರೆ."

ಮತ್ತೆ ತೆರೆದು ನೋಡಿದರೆ ಅವಳ ಮಾತಿನ ಕೆಳಗೆ ಹೊಸ ಉತ್ತರಗಳು ಬಂದಿದ್ದವು. ಒಮ್ಮೆ ತುಂಬಿದವರೇ ಮತ್ತೊಮ್ಮೆ ಫಾರಂ ತೆರೆದು, ಫೋನು, ನಿದ್ದೆಯ ಲೆಕ್ಕವನ್ನೆಲ್ಲ ಕೈಗೆ ಬಂದಂತೆ ಒತ್ತಿ, ಕೊನೆಯ ಕಲಮಿನಲ್ಲಿ ಅವಳಿಗೆ ಬರೆಯುತ್ತಿದ್ದರು. "ನಂಗೂ ಹಂಗೇ ಆಗ್ತಿದೆ ಕಣೇ." "ಇಳಿದು ಬಾ ಮಾರಾಯ್ತಿ, ನೋಟ್ಸ್ ನಾನು ಕೊಡ್ತೀನಿ." "ನಮ್ಮನೇಲಿ ಏಳು ಜನ ಇದ್ರೂ ನಂಗೂ ಯಾರೂ ಇಲ್ಲ." ಒಬ್ಬ ಮಾತ್ರ ಸಿನಿಮಾ ಡೈಲಾಗು ಬರೆದು ನಕ್ಕಿದ್ದ. ಅವನಿಗೆ ಇನ್ನಿಬ್ಬರು ಸೇರಿ ಸರಿಯಾಗಿ ಉಗಿದಿದ್ದರು. ನಾನು ಓದುತ್ತಲೇ ಕೂತೆ. ಮೂರು ತಿಂಗಳಿಂದ ಕಪ್ಪು ಚೌಕಗಳಾಗಿದ್ದ ಮಕ್ಕಳು ಮಾತಾಡುತ್ತಿದ್ದರು.

ಅರ್ಧ ಗಂಟೆಯ ಮೇಲೆ ಪ್ರಿನ್ಸಿಪಾಲರ ಫೋನು ಬಂತು. ಯಾರೋ ಪೋಷಕರು ಅವರಿಗೆ ದೂರು ಹೇಳಿದ್ದರು.

"ಏನ್ರೀ ಮೇಡಂ ಇದು, ಮೊದಲು ಅದನ್ನ ಮುಚ್ಚಿ. ಆ ಹುಡುಗಿ ಏನಾದ್ರೂ ಮಾಡ್ಕೊಂಡ್ರೆ ನಿಮ್ಮ ಹೆಸರು, ನನ್ನ ಹೆಸರು, ಕಾಲೇಜಿನ ಹೆಸರು ಪೇಪರಿಗೆ ಬರುತ್ತೆ."

"ಸಾರ್, ಮಕ್ಕಳು ಅವಳಿಗೆ ಒಳ್ಳೇದೇ ಬರೀತಿದ್ದಾರೆ…"

"ಮುಚ್ಚಿ ಅಂದ್ನಲ್ಲ."

ಮುಚ್ಚಿದೆ. ಉತ್ತರಗಳನ್ನೆಲ್ಲ ಅಳಿಸಿಯೂ ಹಾಕಿದೆ. ಆಗ ನನಗೆ ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ತಪ್ಪು ಕಣ್ಣಿಗೆ ಕಾಣದ ಹಾಗಾದರೆ ಸಾಕಾಗಿತ್ತು. ಆ ದಿನವೇ ಹೊರಟು ಅವಳ ಊರಿಗೆ ಹೋಗಬೇಕಿತ್ತು. ಭಾನುವಾರ ಬಸ್ಸು ಕಡಿಮೆ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಸೋಮವಾರ ಹಾಜರಿ ಕರೆದಾಗ ಅವಳ ಹೆಸರಿಗೆ ಉತ್ತರ ಬರಲಿಲ್ಲ. ಮತ್ತೊಮ್ಮೆ ಕರೆದೆ. ಪಾಠ ಅಲ್ಲಿಗೇ ನಿಲ್ಲಿಸಿ ಕೊರಟಗೆರೆ ಕಡೆಯ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು, ಆಟೋ ಹಿಡಿದು ಹೋದೆ. ದಾರಿಯುದ್ದಕ್ಕೂ ಆ ಬೆಟ್ಟ ಕಾಣುತ್ತಿತ್ತು. ನಾನು ಅದರ ಕಡೆ ನೋಡದೆ ಕೂತಿದ್ದೆ.

ಬಾಗಿಲಲ್ಲಿ ಅವಳ ತಾಯಿ ಕನಕಾಂಬರ ಕಟ್ಟುತ್ತಿದ್ದರು. ನಾನು ಯಾರೆಂದು ಹೇಳಿ, "ಲಾವಣ್ಯ ಇದ್ದಾಳಾ?" ಎಂದೆ. ಹಿತ್ತಿಲಲ್ಲಿ ಇದ್ದಾಳೆ ಎಂದಾಗ ನಾನು ಜಗಲಿಯ ಮೇಲೆ ಕೂತೇಬಿಟ್ಟೆ.

"ಅವ್ಳ ಚಿಕ್ಕಪ್ಪನ ಮಗ ನಿಮ್ ಕಾಲೇಜ್ನಾಗೇ ಓದ್ತಾನೆ ಮೇಡಮ್ನೋರೆ" ಎಂದು ತಾಯಿ ದನಿ ತಗ್ಗಿಸಿದರು. "ಅವ್ನು ಬಂದು, ದೊಡ್ಡಮ್ಮ, ನಿಮ್ ಲಾವಣ್ಯ ಬೆಟ್ಟದಿಂದ ಇಳಿಯಲ್ಲ ಅಂತ ಬರ್ದವ್ಳೆ, ಕಾಲೇಜ್ನೋರೆಲ್ಲ ಓದವ್ರೆ ಅಂದ್ಬುಟ್ಟ. ಇವ್ರಪ್ಪ ಫೋನ್ ಕಿತ್ಕಂಡು ಬೀರುನಾಗಿಟ್ಟು ಬೀಗ ಹಾಕ್ಬುಟ್ರು. ಓದಿದ್ದು ಸಾಕು ಅಂದ್ರು. ನಾನೂ ಹೆದ್ರಿಕಂಡು ಹೂಂ ಅಂದೆ. ಆಗ್ಲಿಂದ ಬಾಯೇ ಬುಟ್ಟಿಲ್ಲ, ಅನ್ನಾನೂ ಮುಟ್ಟಿಲ್ಲ. ಹೆಂಗ್ ಮಾಡಾದು ಹೇಳಿ."

ಲಾವಣ್ಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅಷ್ಟು ದಿನ ಪಾಠ ಮಾಡಿದ್ದರೂ ಅವಳ ಮುಖ ನಾನು ಸರಿಯಾಗಿ ನೋಡಿದ್ದು ಅವತ್ತೇ. ಪಕ್ಕದಲ್ಲಿ ಕೂತೆ. ಆಮೇಲೆ, "ತಪ್ಪಾಯ್ತು ಕಣಮ್ಮ. ಅದು ಎಲ್ಲರಿಗೂ ಕಾಣುತ್ತೆ ಅಂತ ನನಗೆ ಗೊತ್ತಿರಲಿಲ್ಲ. ನಿನ್ನ ಮಾತು ಊರೆಲ್ಲ ಓದೋ ಹಾಗೆ ಮಾಡ್ಬಿಟ್ಟೆ" ಎಂದೆ.

ಅವಳು ತಲೆ ಎತ್ತಿದಳು. "ಯಾಕ್ ಮುಚ್ಬುಟ್ರಿ ಮೇಡಂ?"

ನನಗೆ ಅರ್ಥವಾಗಲಿಲ್ಲ.

"ಓದಿದ್ರು ಅಂತ ನಂಗೇನ್ ಬೇಜಾರಿಲ್ಲ. ಓದ್ಬುಟ್ಟು ಬರೆದ್ರಲ್ಲ. ಬೆಳಿಗ್ಗೆಯಿಂದ ಬಂಡೆ ಮೇಲೆ ಕುಂತು ಅದನ್ನೇ ನೋಡ್ತಿದ್ದೆ. ಒಬ್ಬೊಬ್ರೇ ಬರೀತಾ ಇದ್ರು. ನಾನೂ ಅವ್ರಿಗೆ ಬರೆಯಾಣ ಅಂತ ಒತ್ತಿದ್ರೆ, ಇನ್ನು ಉತ್ತರ ತಗಳಲ್ಲ ಅಂತ ಬಂತು. ಆಮೇಲೆ ನೋಡಿದ್ರೆ ಏನೂ ಇಲ್ಲ, ಎಲ್ಲಾ ಖಾಲಿ. ಇಳ್ದು ಬಂದೆ. ಮನೇಲಿ ಅಪ್ಪ ಕಾಯ್ತಿದ್ರು."

ತೆರೆದಿಟ್ಟದ್ದು ನನ್ನ ತಪ್ಪು ಎಂದು ನಾನು ಕ್ಷಮೆ ಕೇಳಲು ಹೋಗಿದ್ದೆ. ಅವಳ ಲೆಕ್ಕದಲ್ಲಿ ನನ್ನ ತಪ್ಪು ಅದನ್ನು ಮುಚ್ಚಿದ್ದು. ಅವಳ ಕೈ ಹಿಡಿದುಕೊಂಡೆ. ಕೋಶ ವಹಿಸಿಕೊಂಡಾಗ ಕೊಟ್ಟ ತರಬೇತಿಯಲ್ಲಿ ಒಂದು ಮಾತು ಹೇಳಿದ್ದರು, ಸುತ್ತಿ ಬಳಸದೆ ನೇರವಾಗಿ ಕೇಳಿ ಎಂದು. ಎಷ್ಟೋ ವರ್ಷ ನನಗೆ ಅದಕ್ಕೆ ಧೈರ್ಯ ಬಂದಿರಲಿಲ್ಲ. ಅವತ್ತು ಕೇಳಿದೆ. "ಇಳಿಯೋದು ಬೇಡ ಅಂತ ಬರೆದಿದ್ದೆಯಲ್ಲ, ಸಾಯ್ಬೇಕು ಅಂತ ಅನ್ನಿಸ್ತಿತ್ತಾ?"

"ಒಂದೊಂದ್ ದಿನ ಅಂಗೂ ಅನ್ಸೋದು" ಎಂದಳು. "ಇಂಗೆ ಯಾರೂ ಕೇಳೇ ಇರ್ಲಿಲ್ಲ ಮೇಡಂ" ಎಂದು ಅತ್ತಳು. ನನಗೂ ಅಳು ಬಂತು, ತಡೆದುಕೊಳ್ಳಲಿಲ್ಲ.

ಸಂಜೆ ಅವಳ ತಂದೆ ತರಕಾರಿ ಮಾರ್ಕೆಟ್ಟಿಗೆ ಹೋಗಿದ್ದ ಗೂಡ್ಸ್ ಆಟೋ ತಂದು ನಿಲ್ಲಿಸುವವರೆಗೂ ಕಾದೆ. "ತಪ್ಪು ನಿಮ್ಮ ಮಗಳದ್ದಲ್ಲ, ನನ್ನದು" ಎಂದೆ. ಅವರು ನೆಲ ನೋಡುತ್ತ, "ಫೋನ್ ಕೊಟ್ರೆ ಮತ್ತೆ ಬಂಡೆ ಹತ್ತಾಳೆ ಮೇಡಂ. ನಂಗೆ ಮಗ್ಳು ಬೇಕು, ಡಿಗ್ರಿ ಬ್ಯಾಡ" ಎಂದರು. ಬಹಳ ಹೊತ್ತಿನ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ವಾರಕ್ಕೆ ಮೂರು ದಿನ ತಂದೆಯ ಆಟೋದಲ್ಲೇ ಮಧುಗಿರಿಗೆ ಬಂದು ನನ್ನ ಮನೆಯಲ್ಲಿ ಕೂತು ಪಾಠ ಕೇಳುವುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ನಾನು, ಅವಳ ತಾಯಿ ಇಬ್ಬರೂ ಜೊತೆಗೆ ಹೋಗುವುದು. ಹೊಸಬರೇ, ಇದನ್ನು ಮರೆಯಬೇಡಿ. ನಾವು ಕೇಳಿಸಿಕೊಳ್ಳಬಲ್ಲೆವು ಅಷ್ಟೇ. ಅದರ ಮುಂದಿನದಕ್ಕೆ ಡಾಕ್ಟರು ಬೇಕು, ಅದೂ ತಡಮಾಡದೆ.

ಮೊದಲ ದಿನ ಅಪ್ಪ ಪಾಠಕ್ಕೆಂದು ಕೊಟ್ಟ ಫೋನು ಹಿಡಿದು ಅವಳು ಹಜಾರದಲ್ಲಿ, ನಾನು ಅಡುಗೆಮನೆಯಲ್ಲಿ ಕೂತೆವು. ಎರಡು ಫೋನು ಒಂದೇ ಮನೆಯಲ್ಲಿ ತೆರೆದದ್ದೇ ತಡ, ಕಿವಿ ಹರಿದುಹೋಗುವಂತೆ ಕೂಗಿಕೊಂಡವು. ಇಮ್ರಾನ್, "ಮೇಡಂ, ಏನ್ ಆಂಬುಲೆನ್ಸ್ ಬಂತಾ?" ಎಂದ. ಲಾವಣ್ಯ ನಕ್ಕಳು. ಅಂದಿನಿಂದ ಅವಳ ಫೋನು ಆರಿಸಿ, ನನ್ನದನ್ನು ಪಕ್ಕಕ್ಕಿಟ್ಟು, ಅವಳನ್ನೇ ನೋಡುತ್ತ ಪಾಠ ಮಾಡಿದೆ. ಅರ್ಥವಾಗದಿದ್ದರೆ ಅವಳ ಹುಬ್ಬು ಗಂಟಿಕ್ಕುತ್ತಿತ್ತು, ನಾನು ಮತ್ತೊಮ್ಮೆ ಹೇಳುತ್ತಿದ್ದೆ. ಉಳಿದವರೆಲ್ಲ, ಮೇಡಂ ಈಚೆಗೆ ಚೆನ್ನಾಗಿ ಪಾಠ ಮಾಡ್ತಾರೆ ಎಂದರಂತೆ. ಮಧ್ಯಾಹ್ನ ಇಬ್ಬರೂ ಕೂತು ಊಟ ಮಾಡುತ್ತಿದ್ದೆವು. ಅವಳಿಗೆ ಉಪ್ಪು ಮುಂದು. ನಾಲ್ಕು ತಿಂಗಳು ಹೀಗೆ ನಡೆಯಿತು. ಕಾಲೇಜು ತೆರೆದ ಮೇಲೆ ಅವಳು ಗೆಳತಿಯರ ಜೊತೆ ಬಸ್ಸಿಗೆ ಬರತೊಡಗಿದಳು, ನನ್ನ ಮನೆಗೆ ಬರುವುದು ನಿಂತಿತು. ಆಗಬೇಕಾದ್ದೂ ಅದೇ. ಆದರೂ ಕೆಲವು ದಿನ ಅಳತೆ ತಪ್ಪಿ ಇಬ್ಬರಿಗಾಗುವಷ್ಟು ಅನ್ನ ಮಾಡುತ್ತಿದ್ದೆ.

ಕೋಶವನ್ನು ಲೈಬ್ರರಿಯ ಹಿಂದಿನ ಕೋಣೆಗೆ ಬದಲಾಯಿಸಿದೆ, ರಿಜಿಸ್ಟರಿನಲ್ಲಿ ಹೆಸರು ಬರೆಯುವುದು ಬಿಟ್ಟೆ. ಮಕ್ಕಳು ಒಬ್ಬರಿಗೊಬ್ಬರು ಬರೆದುಕೊಳ್ಳುವಂಥದ್ದು ಏನಾದರೂ ಮತ್ತೆ ಶುರುಮಾಡೋಣವೇ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಕೈಮುಗಿದರು. ನಾನೂ ಜಗಳಕ್ಕೆ ಹೋಗಲಿಲ್ಲ.

ಲಾವಣ್ಯ ಡಿಗ್ರಿ ಮುಗಿಸಿ ಟಿ.ಸಿ. ತೆಗೆದುಕೊಳ್ಳಲು ಬಂದ ದಿನ ನೋ ಡ್ಯೂ ಹಾಳೆಗೆ ಸಹಿ ಹಾಕಿಸಲು ನನ್ನ ಬಳಿ ಬಂದಳು. ಬಿ.ಎಡ್. ಸೇರುತ್ತೇನೆ ಎಂದಳು. ಸಹಿ ಹಾಕಿದ ಮೇಲೂ ಎದ್ದು ಹೋಗಲಿಲ್ಲ.

"ಮೇಡಂ, ಆ ಫಾರಂನಾಗೆ ಎಲ್ಲಾರ್ಗಿಂತ ಕೊನೇಲಿ ಒಬ್ರು ಬರ್ದಿದ್ರು. 'ಮನೆಯಲ್ಲಿ ನಾನೊಬ್ಬಳೇ. ಊಟಕ್ಕೆ ಕೂತಾಗ ಕ್ಲಾಸಿನ ರೆಕಾರ್ಡಿಂಗ್ ಹಾಕಿಕೊಂಡು, ಎಲ್ಲರೂ ಪ್ರೆಸೆಂಟ್ ಅನ್ನುವುದನ್ನು ಕೇಳುತ್ತಾ ಉಣ್ಣುತ್ತೇನೆ. ನೀನು ಒಂದು ದಿನ ತಪ್ಪಿಸಿದರೂ ನನಗೆ ಗೊತ್ತಾಗುತ್ತದೆ' ಅಂತ. ನಾನು ಉತ್ರ ಬರೆಯಾಣ ಅಂತ ಒತ್ತಿದ್ದು ಅವ್ರಿಗೇನೇ. ಅಷ್ಟ್ರಲ್ಲಿ ಮುಚ್ಚೋಯ್ತು. ಮಿಕ್ಕಿದೋರೆಲ್ಲ ಯಾರ್ಯಾರು ಅಂತ ಆಮೇಲೆ ಗೊತ್ತಾಯ್ತು ಮೇಡಂ, ಅವ್ರೊಬ್ರು ಮಾತ್ರ ಗೊತ್ತಾಗ್ಲಿಲ್ಲ. ಕ್ಲಾಸಲ್ಲಿ ಎಲ್ಲಾ ಹುಡ್ಗೀರ್ನೂ ಕೇಳ್ದೆ. ಈಗ ಹೆಂಗವ್ರೋ ಏನೋ. ನಿಮ್ಗೇನಾದ್ರೂ ಗೊತ್ತಾ?"

ಅದನ್ನು ಬರೆದವಳು ನಾನು. ಇಮ್ರಾನ್ ಫೋನಿಗೂ ಪ್ರಿನ್ಸಿಪಾಲರ ಫೋನಿಗೂ ನಡುವಿನ ಆ ಅರ್ಧ ಗಂಟೆಯಲ್ಲಿ, ಮಕ್ಕಳೆಲ್ಲ ಬರೆಯುವುದನ್ನು ನೋಡುತ್ತ, ನಾನೂ ಅವರಲ್ಲೊಬ್ಬಳಂತೆ ಬರೆದಿದ್ದೆ. ಹತ್ತು ನಿಮಿಷವಾದ ಮೇಲೆ ನನ್ನ ಕೈಯಾರೆ ಅಳಿಸಿದ್ದೆ. ಬಾಯಿ ಬಿಟ್ಟು ಹೇಳ್ಬೇಕಪ್ಪ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದವಳಿಗೆ, ಕೇಳಲೆಂದೇ ಒಬ್ಬಳು ಎದುರು ಕೂತಾಗ ಬಾಯಿ ಬರಲಿಲ್ಲ. "ಗೊತ್ತಿಲ್ಲ ಕಣಮ್ಮ, ಚೆನ್ನಾಗೇ ಇರ್ತಾರೆ ಬಿಡು" ಎಂದೆ. ಅವಳು ಹಾಳೆ ಮಡಿಸಿಕೊಂಡು ಬಸ್ಸಿಗೆ ಹೋದಳು.

ಇದನ್ನು ಆ ಇಬ್ಬರು ಹೊಸಬರಿಗೆಂದು ಬರೆಯಲು ಕೂತೆ. ಅವರಿಗೆ ನಾಳೆ ಕೊಟ್ಟರೂ ನಡೆಯುತ್ತದೆ. ಲಾವಣ್ಯಳ ನಂಬರು ನನ್ನಲ್ಲಿದೆ, ಮೊದಲು ಅವಳಿಗೆ ಕಳಿಸುತ್ತಿದ್ದೇನೆ.